ಎಂಬತ್ತೊಂದು ರೊಟ್ಟಿಗಳ ಭಟ್ಟಿ

ನೇಪಲ್ಸ್ ಪಟ್ಟಣದಿಂದ ವೆಸೂವಿಯಸ್ ಬೆಟ್ಟದ ಬುಡ ಬಳಸಿ ಸಾಗುವ ಪುಟ್ಟ ರೈಲಿಗೆ ಚಿರ್ಕುಂವೆಸುವಿಯಾನ ಎಂದು ಹೆಸರು. ನಮ್ಮ ಪ್ಯಾಸೆಂಜರ್ ಗಾಡಿಯ ಹಾಗೆ ಊರೂರಿಗೂ ನಿಂತು, ಶಾಲೆ ಮಕ್ಕಳನ್ನೂ ಸಂತೆ ಚೀಲಗಳನ್ನೂ ಹತ್ತಿಸಿಕೊಂಡು ಹೋಗುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಬೆಟ್ಟ. ಮುಕ್ಕಾಲು ಗಂಟೆಯೊಳಗೆ ಪಾಂಪೆ ಬರುತ್ತದೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಸಿಡಿದು ಬೂದಿ ಮತ್ತು ನೊರೆಗಲ್ಲುಗಳ ಕೆಳಗೆ ಹೂತುಹೋದ ರೋಮನ್ನರ ಕಾಲದ ಪಟ್ಟಣ ಇದು. 1748ರಲ್ಲಿ ಅಗೆಯಲು ತೊಡಗಿದರು. ಇಷ್ಟು ವರ್ಷವಾದರೂ ಊರಿನ ಮೂರನೆಯ ಒಂದು ಪಾಲು ಇನ್ನೂ ಮಣ್ಣಿನಡಿಯಲ್ಲೇ ಇದೆ.

ಬರುವವರಲ್ಲಿ ಬಹುಪಾಲು ಜನ ನೋಡುವುದು ಒಂದೇ ಪಟ್ಟಿ. ಊರ ನಡುವಿನ ಚೌಕ, ಸ್ನಾನಗೃಹಗಳು, ಬಯಲು ರಂಗಮಂದಿರ, ಸಿರಿವಂತರ ಮನೆಯ ಗೋಡೆಚಿತ್ರಗಳು, ಸತ್ತವರ ದೇಹ ಬೂದಿಯಲ್ಲಿ ಬಿಟ್ಟುಹೋದ ಪೊಳ್ಳಿಗೆ ಗಾರೆ ಸುರಿದು ಪಡೆದ ಆ ಕರುಣಾಜನಕ ಅಚ್ಚುಗಳು. ಗೈಡುಗಳು ಕೊಡೆ ಎತ್ತಿ ಹಿಡಿದು ಗುಂಪುಗಳನ್ನು ಅತ್ತಲೇ ಅಟ್ಟುತ್ತಾರೆ. ಆದರೆ ಆ ಊರು ದಿನ ಬೆಳಗಾದರೆ ಹೇಗೆ ನಡೆಯುತ್ತಿತ್ತು ಎಂಬುದನ್ನು ಅರಿಯಬೇಕಾದವರು ಹೆಬ್ಬೀದಿಯಿಂದ ಒಳಗಿನ ಓಣಿಗಳಿಗೆ ತಿರುಗಬೇಕು. ಅಲ್ಲಿ ಅಲ್ಲೊಂದು ಇಲ್ಲೊಂದರಂತೆ ಮೂವತ್ತಕ್ಕೂ ಹೆಚ್ಚು ಬೇಕರಿಗಳು ಸಿಕ್ಕಿವೆ. ಸೂರು ಕುಸಿದಿದೆ, ಬಾಗಿಲುಗಳಿಲ್ಲ. ಆದರೂ ಬೀಸುವ ಕಲ್ಲುಗಳೂ ಅವುಗಳ ಹಿಂದೆ ಇಟ್ಟಿಗೆಯ ಭಟ್ಟಿಯೂ ನಿಂತಲ್ಲೇ ನಿಂತಿವೆ. ನಾಲ್ಕು ಕಟ್ಟಿಗೆ ಹಾಕಿದರೆ ಈಗಲೂ ಉರಿದೀತು ಎನ್ನಿಸುವಂತಿವೆ.

ಅಗಸ್ಟಸ್‌ನ ಪೂಜಾರಿಗಳ ಹೆಸರಿನ ಬೀದಿಯಲ್ಲಿ ಮೊಡೆಸ್ಟಸ್‌ನ ಬೇಕರಿ ಎಂದು ಕರೆಯುವ ಒಂದು ಜಾಗವಿದೆ. 1862ರಲ್ಲಿ, ಜುಸೆಪ್ಪೆ ಫಿಯೊರೆಲ್ಲಿ ಎಂಬ ಪ್ರಸಿದ್ಧ ಪುರಾತತ್ವಜ್ಞನ ಉಸ್ತುವಾರಿಯ ಕಾಲದಲ್ಲಿ, ಅಲ್ಲಿನ ಭಟ್ಟಿಯ ಬಾಯಿ ತೆರೆದು ನೋಡಿದಾಗ ಒಳಗೆ 81 ರೊಟ್ಟಿಗಳಿದ್ದವು. ರೊಟ್ಟಿ ಎಂದರೆ ನಮ್ಮ ಜೋಳದ ರೊಟ್ಟಿಯಲ್ಲ, ಹುದುಗು ಬರಿಸಿದ ಗೋಧಿ ಹಿಟ್ಟಿನ ದಪ್ಪ ದುಂಡು ಬ್ರೆಡ್ಡು. ಸುಮಾರು ಒಂದು ಗೇಣು ಅಗಲ. ಮೇಲೆ ಎಂಟು ಹೋಳಾಗುವಂತೆ ಗೀರಿದ ಗೆರೆಗಳು. ಬೇಯಲೆಂದು ಒಳಗಿಟ್ಟವನು ತೆಗೆಯಲು ಬರಲೇ ಇಲ್ಲ.

ಆ ರೊಟ್ಟಿಗಳು ಉಳಿದದ್ದು ಹೇಗೆ ಎಂಬುದರಲ್ಲೇ ಭಟ್ಟಿಯ ಗುಟ್ಟಿನ ಒಂದಂಶ ಇದೆ. ಬಾಯಿಗೆ ಕಬ್ಬಿಣದ ಬಾಗಿಲು ಮುಚ್ಚಿತ್ತು. ಬೂದಿ ಒಳಗೆ ನುಗ್ಗಲಿಲ್ಲ, ಗಾಳಿಯೂ ಸಾಕಷ್ಟು ಸಿಗಲಿಲ್ಲ. ಗಾಳಿಯಿಲ್ಲದೆ ಕಾದ ವಸ್ತು ಉರಿಯುವುದಿಲ್ಲ, ಇದ್ದಿಲಾಗುತ್ತದೆ. ನಮ್ಮ ಕಡೆ ಇದ್ದಿಲು ಸುಡುವವರು ಸೌದೆ ರಾಶಿಗೆ ಮಣ್ಣು ಮೆತ್ತಿ ಗಾಳಿ ತಡೆಯುವುದೂ ಇದೇ ಕಾರಣಕ್ಕೆ. ಹೀಗಾಗಿ ಸುಮಾರು ಎರಡು ಸಾವಿರ ವರ್ಷದ ಹಿಂದಿನ ರೊಟ್ಟಿಗಳು ಕಪ್ಪಗೆ ಕಲ್ಲಾಗಿ, ಗೀರಿದ ಗೆರೆ ಸಹಿತ ಕೈಗೆ ಸಿಕ್ಕಿದವು. ಗೇಣಗಲದ 81 ರೊಟ್ಟಿ ಒಟ್ಟಿಗೆ ಹಿಡಿಸಬೇಕಾದರೆ ಭಟ್ಟಿಯ ಒಳನೆಲ ಎರಡು ಮೀಟರಿನಷ್ಟಾದರೂ ಅಗಲ ಇರಬೇಕು. ಲೆಕ್ಕ ಹಾಕಿ ನೋಡಿದರೆ, ಇದು ಮನೆಯವರ ಮಟ್ಟಿಗೆ ಮಾಡಿಕೊಂಡ ಒಲೆಯಲ್ಲ, ಬೀದಿಗೆ ಉಣಿಸುತ್ತಿದ್ದ ಉದ್ಯಮ ಎಂದು ಯಾರಿಗಾದರೂ ತಿಳಿಯುತ್ತದೆ. ಪಾಂಪೆಯ ಬಹಳಷ್ಟು ಮನೆಗಳಲ್ಲಿ ರೊಟ್ಟಿ ಬೇಯಿಸುವ ಅನುಕೂಲ ಇರಲಿಲ್ಲ. ಜನ ಕೊಂಡು ತಿನ್ನುತ್ತಿದ್ದರು.

ಅಡುಗೆಮನೆಯ ಒಲೆಗೂ ಬೇಕರಿ ಭಟ್ಟಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಒಲೆಯಲ್ಲಿ ಬೆಂಕಿ ಕೆಳಗೆ, ಪಾತ್ರೆ ಮೇಲೆ. ಬೆಂಕಿ ಆರಿದರೆ ಅಡುಗೆಯೂ ನಿಂತಿತು. ಭಟ್ಟಿಯಲ್ಲಿ ಮಾತ್ರ ಬೆಂಕಿ ಆರಿದ ಮೇಲೆಯೇ ಅಡುಗೆ ಶುರು. ಮೊದಲು ಸೌದೆಯನ್ನು ಗುಮ್ಮಟದ ಒಳಗೇ, ರೊಟ್ಟಿ ಕೂರಬೇಕಾದ ನೆಲದ ಮೇಲೆಯೇ ಪೇರಿಸಿ ಹಚ್ಚುತ್ತಾರೆ. ಒಂದೆರಡು ಗಂಟೆ ಚೆನ್ನಾಗಿ ಉರಿಸುತ್ತಾರೆ. ಆಗ ಗುಮ್ಮಟದ ಇಟ್ಟಿಗೆ, ನೆಲದ ಹೆಂಚು, ಸುತ್ತಲಿನ ದಪ್ಪ ಗೋಡೆ ಎಲ್ಲವೂ ಶಾಖ ಕುಡಿಯುತ್ತವೆ. ಅನಂತರ ಕೊಕ್ಕೆಯಿಂದ ಕೆಂಡವನ್ನು ಹೊರಗೆಳೆದು, ಉದ್ದ ಕೋಲಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ನೆಲ ಒರೆಸಿ, ಹಿಟ್ಟಿನ ಉಂಡೆಗಳನ್ನು ಮರದ ಹಲಗೆಯ ಮೇಲಿಟ್ಟು ಒಳಗೆ ಸರಿಸಿ ಬಾಗಿಲು ಹಾಕುವುದು. ಇಟ್ಟಿಗೆ ತಾನು ಕುಡಿದ ಶಾಖವನ್ನು ನಿಧಾನವಾಗಿ ಹಿಂದಕ್ಕೆ ಕೊಡುತ್ತಾ ಹೋಗುತ್ತದೆ. ಭಟ್ಟಿ ಎಂದರೆ ಬೆಂಕಿಯ ಮನೆ ಎನ್ನುವುದಕ್ಕಿಂತ ಶಾಖದ ಕಣಜ ಎನ್ನುವುದು ಸರಿ.

ಕಣಜ ತುಂಬಿತೇ ಎಂದು ತಿಳಿಯಲು ಥರ್ಮಾಮೀಟರ್ ಬೇಕಿಲ್ಲ. ಬೆಂಕಿ ಹಚ್ಚಿದ ಆರಂಭದಲ್ಲಿ ಗುಮ್ಮಟದ ಒಳಮೈಗೆ ಮಸಿ ಹಿಡಿದು ಕಪ್ಪಾಗುತ್ತದೆ. ಕಾವು ಏರಿದಂತೆ ಆ ಮಸಿಯೇ ಸುಟ್ಟುಹೋಗಿ ಇಟ್ಟಿಗೆ ಬೆಳ್ಳಗಾಗುತ್ತ ಬರುತ್ತದೆ. ನೆತ್ತಿಯಿಂದ ಶುರುವಾದ ಬಿಳುಪು ಪಕ್ಕಕ್ಕಿಳಿದು ಬುಡ ಮುಟ್ಟಿತೆಂದರೆ ಭಟ್ಟಿ ಸಿದ್ಧ. ಆಮೇಲೆ ಒಂದು ಚಿಟಿಕೆ ಹಿಟ್ಟನ್ನು ನೆಲದ ಮೇಲೆಸೆದು ನೋಡುವುದುಂಟು. ಕ್ಷಣದಲ್ಲಿ ಕಪ್ಪಾದರೆ ಇನ್ನೂ ಕಾಯಬೇಕು, ಮೆಲ್ಲಗೆ ಕೆಂಬಣ್ಣಕ್ಕೆ ತಿರುಗಿದರೆ ರೊಟ್ಟಿ ಇಡಬಹುದು. ದೋಸೆ ಕಾವಲಿಗೆ ನೀರು ಚಿಮುಕಿಸಿ ನೋಡುವ ಕೈಗಳಿಗೆ ಇದರಲ್ಲಿ ಹೊಸದೇನೂ ಕಾಣದು.

ಇಂಥ ಭಟ್ಟಿಯ ಕಾವು ಇಳಿಯುತ್ತಲೇ ಇರುತ್ತದೆ, ನಿಲ್ಲುವುದಿಲ್ಲ. ಅದಕ್ಕೇ ಕೆಲಸದ ಸರದಿ ಕಾವಿನ ಹಿಂದೆ ನಡೆಯಬೇಕು. ಮೊದಲ ಬಿರುಕಾವಿಗೆ ತೆಳ್ಳನೆಯ ಚಪ್ಪಟೆ ರೊಟ್ಟಿ, ಸ್ವಲ್ಪ ತಗ್ಗಿದ ಮೇಲೆ ದಪ್ಪ ರೊಟ್ಟಿ, ಆಮೇಲೆ ಸಿಹಿ ಬೆರೆತ ತಿಂಡಿ (ಸಕ್ಕರೆಯೋ ಜೇನೋ ಇದ್ದರೆ ಬೇಗ ಹೊತ್ತುತ್ತದೆ), ಕೊನೆಗೆ ಮಡಕೆಯಲ್ಲಿ ಕಾಳು. ಎಲ್ಲ ಮುಗಿದ ಮೇಲೂ ಉಳಿದ ಬೆಚ್ಚನೆಯಲ್ಲಿ ಹಣ್ಣು ಒಣಗಿಸಬಹುದು, ನಾಳೆಯ ಸೌದೆಯನ್ನು ಒಳಗಿಟ್ಟು ಗರಿಗರಿ ಮಾಡಿಕೊಳ್ಳಬಹುದು. ಒಂದು ಹೊರೆ ಕಟ್ಟಿಗೆಯಿಂದ ಇಷ್ಟು ಕೆಲಸ ತೆಗೆಯುವ ಉಪಾಯ ಮನುಷ್ಯನಿಗೆ ಹೊಳೆದದ್ದು ಪಾಂಪೆಗಿಂತ ಎಷ್ಟೋ ಹಿಂದೆ. ರೋಮನ್ನರು ಅದನ್ನು ದೊಡ್ಡದಾಗಿ, ಗಟ್ಟಿಯಾಗಿ ಕಟ್ಟಿದರು, ಅಷ್ಟೆ.

ಕಟ್ಟಿಗೆಯ ಮಾತು ಬಂದಿತು. ಭಟ್ಟಿಗಳ ಸುತ್ತ, ಕಸದ ಗುಂಡಿಗಳಲ್ಲಿ ಸಿಕ್ಕ ಇದ್ದಿಲ ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದ ವಿದ್ವಾಂಸರು ಅದರಲ್ಲಿ ಬೀಚ್ ಮರದ್ದೇ ಹೆಚ್ಚು ಎಂದು ಗುರುತಿಸಿದ್ದಾರೆ. ಬೆಟ್ಟದ ಮೇಲಿಂದ ತರಬೇಕಾದ ಸೌದೆ ಅದು. ಅದರ ಜೊತೆಗೆ ಎಣ್ಣೆ ಹಿಂಡಿದ ಮೇಲೆ ಉಳಿಯುವ ಆಲಿವ್ ಬೀಜ–ಸಿಪ್ಪೆಯ ಹಿಂಡಿಯನ್ನೂ ಉರುವಲಾಗಿ ಬಳಸುತ್ತಿದ್ದರು. ಹೊಗೆ ಕಡಿಮೆ, ಕಾವು ಹೆಚ್ಚು. ತೆಂಗಿನ ಚಿಪ್ಪನ್ನು ಎಸೆಯದೆ ಒಲೆಯ ಪಕ್ಕ ಕೂಡಿಡುವ ನಮ್ಮ ಹಳ್ಳಿಯ ಗೃಹಿಣಿಯರು ಇದನ್ನು ಮೆಚ್ಚದೆ ಇರಲಾರರು.

ಒಳಗಿಟ್ಟ ರೊಟ್ಟಿಗೆ ಶಾಖ ಮೂರು ದಾರಿಯಲ್ಲಿ ಬರುತ್ತದೆ. ನೆಲದ ಹೆಂಚು ಮುಟ್ಟಿ ಸುಡುತ್ತದೆ. ಗುಮ್ಮಟ ಮುಟ್ಟದೆಯೇ, ಬಿಸಿಲಿನ ಹಾಗೆ, ಮೇಲಿನಿಂದ ಕಾಯಿಸುತ್ತದೆ. ನಡುವೆ ಸುಳಿಯುವ ಬಿಸಿಗಾಳಿ ಮೂರನೆಯದು. ಇವುಗಳಲ್ಲಿ ಗುಮ್ಮಟದ ಪಾಲು ದೊಡ್ಡದು. ಚೌಕಟ್ಟಾದ ಪೆಟ್ಟಿಗೆ ಕಟ್ಟುವುದು ಸುಲಭವಾದರೂ ಜನ ಕಷ್ಟಪಟ್ಟು ಗುಮ್ಮಟವನ್ನೇ ಕಟ್ಟಿದ್ದು ಏಕೆಂದರೆ, ಅದರಲ್ಲಿ ಬೆಂಕಿ ತಲುಪದ ಮೂಲೆ ಇಲ್ಲ. ಜ್ವಾಲೆ ಹಿಂಬದಿಯಿಂದ ಎದ್ದು ನೆತ್ತಿ ಸವರಿ ಬಾಯಿಯತ್ತ ಉರುಳಿ ಬರುತ್ತದೆ. ಬಿಜಾಪುರದ ಗೋಲಗುಮ್ಮಟ ಪಿಸುಮಾತನ್ನು ಚೆಲ್ಲದೆ ದಾಟಿಸುವಂತೆ ಇದು ಕಾವನ್ನು ಚೆಲ್ಲದೆ ಹಂಚುತ್ತದೆ ಎನ್ನಬಹುದು. ಬಾಯಿಯ ಅಳತೆಗೂ ಲೆಕ್ಕವಿದೆ. ತಣ್ಣನೆಯ ಗಾಳಿ ಬಾಯಿಯ ಕೆಳಭಾಗದಿಂದ ಒಳಹೊಕ್ಕು, ಹೊಗೆ ಅದೇ ಬಾಯಿಯ ಮೇಲ್ಭಾಗದಿಂದ ಹೊರಬೀಳಬೇಕು. ಬಾಯಿ ತೀರ ತಗ್ಗಾದರೆ ಬೆಂಕಿ ಉಸಿರುಗಟ್ಟುತ್ತದೆ, ಎತ್ತರವಾದರೆ ಕಾವೆಲ್ಲ ಹಾರಿಹೋಗುತ್ತದೆ. ಒಳಗಿನ ಎತ್ತರದ ಮೂರರಲ್ಲಿ ಎರಡು ಪಾಲಿಗಿಂತ ತುಸು ಕಡಿಮೆ ಎತ್ತರಕ್ಕೆ ಬಾಯಿ ಇಡುವುದು ಇಂದಿಗೂ ಭಟ್ಟಿ ಕಟ್ಟುವವರು ಬಿಡದ ಸೂತ್ರ. ಪಾಂಪೆಯ ಕೆಲವು ಭಟ್ಟಿಗಳಲ್ಲಿ ಬಾಯಿಯ ಮುಂದೆ ಹೊಗೆಗೂಡು ಇದೆ, ಪಕ್ಕದಲ್ಲಿ ನೀರಿನ ಜಾಡಿ ಹುಗಿದಿದ್ದಾರೆ. ಒಳಗೆ ಸ್ವಲ್ಪ ಹಬೆ ಇದ್ದರೆ ರೊಟ್ಟಿಯ ಮೇಲ್ಮೈ ಬೇಗ ಬಿರುಸಾಗದು. ಮೊದಲ ಕೆಲವು ನಿಮಿಷಗಳಲ್ಲಿ ಒಳಗಿನ ಗಾಳಿಗುಳ್ಳೆಗಳು ಹಿಗ್ಗಿ ರೊಟ್ಟಿ ಉಬ್ಬಲು ಅವಕಾಶ ಸಿಗುತ್ತದೆ. ಬಾಗಿಲು ಪದೇ ಪದೇ ತೆಗೆದು ನೋಡುವ ಆತುರಗಾರನ ಬ್ರೆಡ್ಡು ಕುಗ್ಗಿ ಕೂರುವುದು ಇದಕ್ಕೇ.

ಭಟ್ಟಿಯ ಮುಂದಿನ ಅಂಗಳದಲ್ಲಿ ಬೀಸುವ ಕಲ್ಲುಗಳಿವೆ. ಆಗಿನ ಬೇಕರಿ ಎಂದರೆ ಹಿಟ್ಟಿನ ಗಿರಣಿಯೂ ಹೌದು. ಪೊಪಿಡಿಯಸ್ ಪ್ರಿಸ್ಕಸ್‌ನದು ಎನ್ನುವ ಬೇಕರಿಯಲ್ಲಿ ನಾಲ್ಕು ಕಲ್ಲುಗಳು ಸಾಲಾಗಿ ನಿಂತಿವೆ. ಕೆಳಗಿನದು ಶಂಕುವಿನಾಕಾರದ ದಿಂಡು. ಅದರ ಮೇಲೆ ಡಮರುವಿನಾಕಾರದ ಟೊಳ್ಳು ಕಲ್ಲು. ಮೇಲಿನ ಬಾಯಿಗೆ ಗೋಧಿ ಸುರಿದು, ಅಡ್ಡ ತೊಲೆಗೆ ಕತ್ತೆಯನ್ನೋ ಆಳನ್ನೋ ಕಟ್ಟಿ ಸುತ್ತಿಸಿದರೆ ಸಂದಿನಿಂದ ಹಿಟ್ಟು ಸುರಿಯುತ್ತದೆ. ಕಲ್ಲೆಲ್ಲ ಜ್ವಾಲಾಮುಖಿಯ ಶಿಲೆ. ತೂತುತೂತಾದ ಆ ಕಲ್ಲು ಸವೆದರೂ ಹೊಸ ಅಂಚು ಬಿಟ್ಟುಕೊಡುತ್ತದೆ, ನುಣುಪಾಗುವುದಿಲ್ಲ. ವಿಚಿತ್ರವೆಂದರೆ ಬೆಟ್ಟ ಊರಿನ ನೆತ್ತಿಯ ಮೇಲೇ ಇದ್ದರೂ ಹಲವು ಕಲ್ಲುಗಳು ಬಂದದ್ದು ರೋಮ್‌ಗಿಂತ ಆಚೆಯ ಓರ್ವಿಯೆಟೊ ಸುತ್ತಿನಿಂದ. ಬೀಸಲು ಯಾವ ಕಲ್ಲು ಒಳ್ಳೆಯದೆಂಬ ವಿಷಯದಲ್ಲಿ ಬೇಕರಿಯವರು ರಾಜಿಯಾಗುತ್ತಿರಲಿಲ್ಲ. ಈ ಬೇಕರಿಯಲ್ಲಿ ಮಾರಾಟದ ಕಟ್ಟೆ ಇಲ್ಲ. ರೊಟ್ಟಿ ಸಗಟಾಗಿ ಹೋಗುತ್ತಿತ್ತೋ, ಬುಟ್ಟಿ ಹೊತ್ತವರು ಬೀದಿ ಬೀದಿ ಮಾರುತ್ತಿದ್ದರೋ, ಎರಡೂ ಇದ್ದೀತು.

ಇನ್ನೊಂದು ಬೇಕರಿಯ ಭಟ್ಟಿಯ ಮೇಲೆ ಪುರುಷಾಂಗದ ಉಬ್ಬುಕೆತ್ತನೆಯ ಫಲಕವೊಂದಿತ್ತು. ಸುತ್ತ ಲ್ಯಾಟಿನ್ ಬರಹ: ‘ಇಲ್ಲಿ ಸೌಭಾಗ್ಯ ನೆಲೆಸಿದೆ’. ಹತ್ತೊಂಬತ್ತನೆಯ ಶತಮಾನದ ಸಭ್ಯ ಪ್ರವಾಸಿಗರು ಮುಖ ಕೆಂಪಗೆ ಮಾಡಿಕೊಂಡರಂತೆ. ಆದರೆ ಹೊಸ ಮನೆಯ ಮುಂದೆ ದೃಷ್ಟಿಗೊಂಬೆ ಕಟ್ಟುವ ನಾಡಿನವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಿಟ್ಟು ಉಬ್ಬುವುದು, ಭಟ್ಟಿ ಕಾಯುವುದು ಎರಡೂ ಕಣ್ಣು ತಾಗಬಹುದಾದ ಕೆಲಸಗಳೇ. ಆ ಫಲಕ ಈಗ ನೇಪಲ್ಸಿನ ವಸ್ತುಸಂಗ್ರಹಾಲಯದಲ್ಲಿದೆ.

ಸೌಭಾಗ್ಯ ಯಾರದು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ‘ಶೀಲವಂತ ಪ್ರೇಮಿಗಳ ಮನೆ’ ಎಂದು ಹೆಸರಾದ ಕಟ್ಟಡದಲ್ಲಿ ಬೇಕರಿಗೆ ಹೊಂದಿಕೊಂಡು ಲಾಯವಿದೆ. ಊರು ಮುಳುಗಿದ ದಿನ ಅಲ್ಲಿ ಕಟ್ಟಿಹಾಕಿದ್ದ ಕತ್ತೆ, ಹೇಸರಗತ್ತೆಗಳ ಎಲುಬುಗೂಡು ಹಾಗೆಯೇ ಸಿಕ್ಕಿತು. ಹಗ್ಗ ಬಿಚ್ಚಲು ಯಾರಿಗೂ ಪುರಸೊತ್ತಾಗಿರಲಿಲ್ಲ. ಅಲ್ಲಿನ ಭಟ್ಟಿಯ ಮೈಯಲ್ಲಿ ಬಿರುಕುಗಳಿವೆ. ಕ್ರಿ.ಶ. 62ರ ಭೂಕಂಪದ ಬಿರುಕನ್ನು ಮುಚ್ಚಿ ಮತ್ತೆ ಭಟ್ಟಿ ಹೊತ್ತಿಸಿದ್ದರು. ನೆಲ ಅಲುಗಿದರೂ ಜನಕ್ಕೆ ಬೆಳಿಗ್ಗೆ ರೊಟ್ಟಿ ಬೇಕಲ್ಲ!

ಇದಕ್ಕಿಂತಲೂ ಮನಸ್ಸು ಕಲಕುವ ಜಾಗ ಬೆಳಕಿಗೆ ಬಂದದ್ದು ತೀರ ಇತ್ತೀಚೆಗೆ, 2023ರಲ್ಲಿ. ಊರಿನ ಒಂಬತ್ತನೆಯ ವಿಭಾಗದಲ್ಲಿ ದುರಸ್ತಿಯಲ್ಲಿದ್ದ ದೊಡ್ಡ ಮನೆಯೊಂದರ ಒಳಗೇ ಬೇಕರಿ ಇತ್ತು. ಇಕ್ಕಟ್ಟಾದ ಕೋಣೆ. ಬೀದಿಗೆ ತೆರೆಯುವ ಬಾಗಿಲಿಲ್ಲ. ಹೊರಗೆ ಬರಬೇಕಾದರೆ ಯಜಮಾನನ ನಡುಮನೆಯ ಮೂಲಕವೇ ಬರಬೇಕು. ಎತ್ತರದಲ್ಲಿ ಸಣ್ಣ ಕಿಟಕಿ, ಅದಕ್ಕೂ ಕಬ್ಬಿಣದ ಸರಳು. ಬೀಸುವ ಕಲ್ಲುಗಳ ಸುತ್ತ ನೆಲದಲ್ಲಿ ಬೇಕೆಂದೇ ಕೊರೆದ ಗುಳಿಗಳಿವೆ. ಕಣ್ಣು ಕಟ್ಟಿದ ಪ್ರಾಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯದೆ ಒಂದೇ ಜಾಡಿನಲ್ಲಿ ಸುತ್ತಲಿ ಎಂದು. ಆ ಪ್ರಾಣಿಗಳ ಜೊತೆಗೇ ಗುಲಾಮರನ್ನೂ ಅಲ್ಲಿ ಕೂಡಿಹಾಕಿ ದುಡಿಸುತ್ತಿದ್ದರೆಂದು ಪಾಂಪೆಯ ಪುರಾತತ್ವ ಅಧಿಕಾರಿಗಳು ವಿವರಿಸಿದ್ದಾರೆ. ಅದೇ ಬೇಕರಿಯಲ್ಲಿ ಇಬ್ಬರು ಹೆಂಗಸರು ಮತ್ತು ಒಂದು ಮಗುವಿನ ಅಸ್ಥಿಗಳು ದೊರೆತವು. ಎರಡನೆಯ ಶತಮಾನದ ಲೇಖಕ ಅಪುಲೇಯಸ್ ತನ್ನ ಕಾದಂಬರಿಯಲ್ಲಿ ಕತ್ತೆಯಾಗಿ ಮಾರ್ಪಟ್ಟ ನಾಯಕನನ್ನು ಇಂಥದೇ ಗಿರಣಿಗೆ ಮಾರಿಸುತ್ತಾನೆ. ಅಲ್ಲಿನ ಆಳುಗಳ ಹಣೆಗೆ ಬರೆ, ಅರ್ಧ ಬೋಳಿಸಿದ ತಲೆ, ಹೊಗೆಗೆ ಕೆಟ್ಟ ಕಣ್ಣು, ಮೈಮೇಲೆ ಹಿಟ್ಟಿನ ಧೂಳು. ಬಹುಕಾಲ ಓದುಗರು ಇದನ್ನು ಕಥೆಗಾರನ ಅತಿಶಯ ಎಂದುಕೊಂಡಿದ್ದರೆ ತಪ್ಪಲ್ಲ. ಆ ಸರಳುಗಳ ಕಿಟಕಿ ನೋಡಿದ ಮೇಲೆ ಹಾಗೆನ್ನುವುದು ಕಷ್ಟ. ರೋಮನ್ ಭಟ್ಟಿಯ ಚೆಲುವನ್ನು ಹೊಗಳುವ ಪ್ರವಾಸಿ ಪುಸ್ತಕಗಳು ಈ ಕೋಣೆಯನ್ನೂ ಅಷ್ಟೇ ಪುಟಗಳಲ್ಲಿ ಹೇಳಬೇಕು.

ಪಾಂಪೆಯ ಪಕ್ಕದ ಹರ್ಕ್ಯುಲೇನಿಯಮ್ ಪಟ್ಟಣದಲ್ಲಿ ಸಿಕ್ಕ ಕರಿಗಟ್ಟಿದ ರೊಟ್ಟಿಯೊಂದರ ಮೇಲೆ ಮುದ್ರೆ ಒತ್ತಿದೆ: ‘ಕ್ವಿಂಟಸ್ ಗ್ರಾನಿಯಸ್ ವೆರಸ್‌ನ ಗುಲಾಮ ಸೆಲರ್‌ನದು’. ಭಟ್ಟಿಯೊಳಗೆ ಹಲವರ ರೊಟ್ಟಿ ಬೆರೆತರೆ ಗುರುತು ಸಿಗಲೆಂದು ಇಂಥ ಮುದ್ರೆ ಒತ್ತುತ್ತಿದ್ದಿರಬಹುದು. ಹೆಸರು ಉಳಿದದ್ದು ಹಾಗೆ. ಇದಕ್ಕೆ ತದ್ವಿರುದ್ಧವಾದ ಕಥೆ ರೋಮ್ ನಗರದ ಪೋರ್ತಾ ಮಜ್ಜೋರೆ ಎಂಬ ಹೆಬ್ಬಾಗಿಲ ಬಳಿ ನಿಂತಿದೆ. ಯೂರಿಸೇಸಿಸ್ ಎಂಬ ಬೇಕರಿಯವನ ಗೋರಿ ಅದು, ಸುಮಾರು ಕ್ರಿಸ್ತಪೂರ್ವ ಮೊದಲ ಶತಮಾನದ ಕೊನೆಯದು. ಅವನೇ ಒಂದು ಕಾಲಕ್ಕೆ ಗುಲಾಮನಾಗಿದ್ದಿರಬೇಕೆಂದು ಹೆಸರಿನಿಂದ ಊಹಿಸುತ್ತಾರೆ. ಸರ್ಕಾರಿ ಗುತ್ತಿಗೆಯಲ್ಲಿ ಹಣ ಮಾಡಿ, ತನ್ನ ಕಸುಬನ್ನೇ ಗೋರಿಯ ಮೇಲೆ ಕೆತ್ತಿಸಿಕೊಂಡ. ಗೋಧಿ ಅಳೆಯುವುದು, ಬೀಸುವುದು, ನಾದುವುದು, ಗುಮ್ಮಟದ ಭಟ್ಟಿಗೆ ಉದ್ದ ಹಿಡಿಯ ಹಲಗೆ ಚಾಚಿ ನಿಂತ ಆಳು, ಕಡೆಗೆ ತೂಕ. ಬೇಕರಿ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಚಿತ್ರಪಟ ಬೇಕಿಲ್ಲ.

ಲ್ಯಾಟಿನ್ನಿನಲ್ಲಿ ರೊಟ್ಟಿಗೆ ಪಾನಿಸ್, ಭಟ್ಟಿಗೆ ಫುರ್ನುಸ್. ಇಟಲಿಯವರೂ ಪೋರ್ಚುಗೀಸರೂ ಭಟ್ಟಿಯನ್ನು ಈಗಲೂ ಫೋರ್ನೊ, ಫೋರ್ನು ಎನ್ನುತ್ತಾರೆ. ಪಾನಿಸ್ ಪೋರ್ಚುಗೀಸರ ಬಾಯಲ್ಲಿ ಮೂಗುಸ್ವರದ ಪಾಂವ್ ಆಯಿತು. ಹಡಗು ಹತ್ತಿ ಗೋವಾಕ್ಕೆ ಬಂತು. ಕಾರವಾರ, ಬೆಳಗಾವಿಗಳ ಪಾವ್ ಅದೇ. ಪಾವ್ ಭಾಜಿ ತಟ್ಟೆಯ ಮುಂದೆ ಕುಳಿತವರು ಪಾಂಪೆಯ ಓಣಿಯ ಮಾತನ್ನೇ ಸ್ವಲ್ಪ ಸವೆದ ರೂಪದಲ್ಲಿ ಆಡುತ್ತಿರುತ್ತಾರೆ.

ಪಾಂಪೆಯಿಂದ ಅದೇ ರೈಲಿನಲ್ಲಿ ನೇಪಲ್ಸಿಗೆ ಮರಳಿದರೆ ಭಟ್ಟಿಗಳು ಅವಶೇಷವಾಗಿ ಉಳಿದಿಲ್ಲ, ಉರಿಯುತ್ತಿವೆ. ಹಳೇ ಪೇಟೆಯ ಬೀದಿಗಳಲ್ಲಿ ಪಿಟ್ಸಾ ಅಂಗಡಿಗಳ ಬಾಯಿಂದ ಬೆಂಕಿಯ ಬೆಳಕು ಕಲ್ಲುಹಾಸಿಗೆ ಬೀಳುತ್ತದೆ. 2023ರಲ್ಲಿ, ಸರಳುಕಿಟಕಿಯ ಅದೇ ಮನೆಯ ನಡುಮನೆಯಲ್ಲಿ ಒಂದು ಗೋಡೆಚಿತ್ರ ದೊರೆತಾಗ ಪತ್ರಿಕೆಗಳೆಲ್ಲ ‘ಪಾಂಪೆಯಲ್ಲಿ ಪಿಟ್ಸಾ’ ಎಂದು ಬರೆದವು. ಬೆಳ್ಳಿ ತಟ್ಟೆಯಲ್ಲಿ ಚಪ್ಪಟೆ ರೊಟ್ಟಿ, ಮೇಲೆ ಹಣ್ಣುಗಳು. ಪಿಟ್ಸಾ ಅಲ್ಲ, ಟೊಮೆಟೊ ಯೂರೋಪಿಗೆ ಬಂದದ್ದೇ ಕೊಲಂಬಸ್‌ನ ಯಾನಗಳ ನಂತರ. ಆದರೆ ಅದನ್ನು ಬೇಯಿಸಿದ ಗುಮ್ಮಟ ಮತ್ತು ಇಂದಿನ ಪಿಟ್ಸಾ ಬೇಯಿಸುವ ಗುಮ್ಮಟ ದಾಯಾದಿಗಳು ಎನ್ನಲು ಅಡ್ಡಿಯಿಲ್ಲ. ವ್ಯತ್ಯಾಸ ಒಂದೇ. ಪಿಟ್ಸಾ ಭಟ್ಟಿಯಲ್ಲಿ ಕೆಂಡ ಹೊರಗೆಳೆಯುವುದಿಲ್ಲ. ಬೆಂಕಿಯನ್ನು ಪಕ್ಕಕ್ಕೆ ಸರಿಸಿ ಉರಿಯಲು ಬಿಡುತ್ತಾರೆ. ಗುಮ್ಮಟ ತಗ್ಗು, ಜ್ವಾಲೆ ನೆತ್ತಿ ನೆಕ್ಕುತ್ತಿರಬೇಕು. 2010ರಲ್ಲಿ ಯೂರೋಪಿಯನ್ ಒಕ್ಕೂಟ ನೇಪಲ್ಸ್ ಪಿಟ್ಸಾಕ್ಕೆ ಮಾನ್ಯತೆ ಕೊಟ್ಟಾಗ ಅಳತೆಯನ್ನೂ ಬರೆದಿಟ್ಟಿತು: ನೆಲ ಸುಮಾರು 485 ಡಿಗ್ರಿ ಸೆಲ್ಸಿಯಸ್, ಗುಮ್ಮಟ ಸುಮಾರು 430, ಬೇಯುವ ಅವಧಿ 60ರಿಂದ 90 ಸೆಕೆಂಡು. 2017ರಲ್ಲಿ ಈ ಪಿಟ್ಸಾ ತಯಾರಕರ ಕಲೆ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು.

485 ಡಿಗ್ರಿಯ ನೆಲದ ಮೇಲೆ ಹಸಿ ಹಿಟ್ಟು ಇಟ್ಟರೆ ಕರಕಲಾಗದೆ ಹೇಗೆ ಉಳಿಯುತ್ತದೆ? ಉತ್ತರ ಹೆಂಚಿನಲ್ಲಿದೆ. ನೇಪಲ್ಸ್ ಭಟ್ಟಿಯ ನೆಲಕ್ಕೆ ಸೊರೆಂಟೊ ಪಟ್ಟಣದ ಬದಿಯ ಜೇಡಿಮಣ್ಣಿನಿಂದ ಮಾಡಿದ, ‘ಬಿಸ್ಕೊತ್ತೊ’ ಎಂದು ಕರೆಯುವ ದಪ್ಪ ಹೆಂಚು ಹಾಸುತ್ತಾರೆ. ಬಿಸ್ಕತ್ತಿನಷ್ಟೇ ಒಣಕಲು, ಸಣ್ಣ ರಂಧ್ರಗಳಿಂದ ತುಂಬಿದ್ದು. ಶಾಖ ಅದರೊಳಗೆ ಬೇಕಾದಷ್ಟಿದ್ದರೂ ಮೇಲಕ್ಕೆ ಬರುವುದು ಜಿಪುಣನ ಕೈಯಿಂದ ಕಾಸು ಬಂದಂತೆ. ಬಿಸಿಲಿನಲ್ಲಿ ಬಿಟ್ಟ ಸ್ಟೀಲ್ ಚೊಂಬು ಕೈ ಸುಡುತ್ತದೆ, ಪಕ್ಕದ ಮರದ ಹಲಗೆ ಸುಡುವುದಿಲ್ಲ. ಎರಡರ ಕಾವೂ ಒಂದೇ ಇದ್ದರೂ ಕೊಡುವ ವೇಗ ಬೇರೆ. ಅಷ್ಟೇ ಕಾದ ಕಬ್ಬಿಣದ ಮೇಲೆ ಪಿಟ್ಸಾ ಇಟ್ಟಿದ್ದರೆ ಮೇಲ್ಭಾಗ ಬೇಯುವ ಮೊದಲೇ ತಳ ಇದ್ದಿಲಾಗುತ್ತಿತ್ತು.

ಕಟ್ಟುವ ರೀತಿಯೂ ನೋಡುವಂಥದ್ದು. ಸೊಂಟದೆತ್ತರದ ಕಟ್ಟೆ, ಅದರ ಮೇಲೆ ಕಾವು ಕೆಳಗಿಳಿಯದಂತೆ ಮರಳಿನ ಅಥವಾ ನೊರೆಗಲ್ಲಿನ ಹಾಸು. ಕೆಲವು ನಾಡುಗಳಲ್ಲಿ ಉಪ್ಪು, ಗಾಜಿನ ಚೂರುಗಳನ್ನೂ ನೆಲದಡಿ ತುಂಬುವ ರೂಢಿಯಿದೆ. ಹಾಸಿನ ಮೇಲೆ ಹೆಂಚು. ಹೆಂಚಿನ ಮೇಲೆ ಒದ್ದೆ ಮರಳನ್ನು ಗುಡ್ಡೆ ಹಾಕಿ, ಬೇಕಾದ ಆಕಾರಕ್ಕೆ ತಟ್ಟಿ, ಅದನ್ನೇ ಅಚ್ಚಾಗಿ ಬಳಸುವುದು ಹಳೆಯ ಉಪಾಯ. ಮೊದಲು ಬಾಯಿಯ ಕಮಾನು, ಆಮೇಲೆ ಬುಡದಿಂದ ಸುತ್ತು ಸುತ್ತಾಗಿ ಇಟ್ಟಿಗೆ. ಪ್ರತಿ ಸುತ್ತೂ ಕೆಳಗಿನದಕ್ಕಿಂತ ಚಿಕ್ಕದು, ತುಸು ಒಳಕ್ಕೆ ಬಾಗಿದ್ದು. ಒಂದು ಸುತ್ತು ಮುಗಿದು ಕೂಡಿಕೊಂಡಿತೆಂದರೆ ಅದು ಬೀಳಲಾರದು, ಏಕೆಂದರೆ ಪ್ರತಿ ಇಟ್ಟಿಗೆಗೂ ಬೀಳಲು ಪಕ್ಕದವನು ಜಾಗ ಬಿಡಬೇಕಲ್ಲ! ನೆತ್ತಿಯ ಕೊನೆಯ ಇಟ್ಟಿಗೆ ಬಿಗಿದ ಮೇಲೆ ಮರಳನ್ನು ಬಾಯಿಯಿಂದ ತೋಡಿ ತೆಗೆಯುತ್ತಾರೆ. ಹೊರಗೆ ಮತ್ತೆ ದಪ್ಪ ಹೊದಿಕೆ. ಒಳಗೆ ಬಿಸಿ ನೂರಾರು ಡಿಗ್ರಿ ಇದ್ದರೂ ಹೊರಗೋಡೆಗೆ ಬೆನ್ನು ಕೊಟ್ಟು ನಿಲ್ಲುವಂತಿದ್ದರೆ ಅದು ಬಲ್ಲವನ ಕೆಲಸ.

ಅಸಲು ತಾಳ್ಮೆ ಬೇಕಾಗುವುದು ಆಮೇಲೆ. ಹೊಸ ಭಟ್ಟಿಯಲ್ಲಿ ಒಮ್ಮೆಲೇ ಜೋರಾಗಿ ಬೆಂಕಿ ಮಾಡಿದರೆ ಇಟ್ಟಿಗೆ, ಗಾರೆಯೊಳಗಿನ ನೀರು ಹಬೆಯಾಗಿ ಸಿಡಿದು ಗುಮ್ಮಟ ಬಿರಿಯುತ್ತದೆ. ಆದ್ದರಿಂದ ಮೊದಲ ದಿನ ಕೈಯಷ್ಟು ಬೆಂಕಿ, ಮರುದಿನ ತುಸು ಹೆಚ್ಚು, ಹೀಗೆ ದಿನಗಟ್ಟಲೆ ರೂಢಿ ಮಾಡಿಸಬೇಕು. ಒಮ್ಮೆ ಪಳಗಿದ ಭಟ್ಟಿಯನ್ನು ತೀರ ತಣ್ಣಗಾಗಲು ಬಿಡುವುದಿಲ್ಲ. ರಾತ್ರಿ ಬಾಯಿ ಮುಚ್ಚಿಟ್ಟರೆ ಬೆಳಿಗ್ಗೆಯೂ ಒಳಗೆ ಕೈ ಹಾಕಲಾಗದಷ್ಟು ಕಾವಿರುತ್ತದೆ, ಹೊಸ ಬೆಂಕಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ.

ಇಷ್ಟೆಲ್ಲ ಇದ್ದರೂ ಸೌದೆ ಭಟ್ಟಿಗೆ ಈಗ ನೆಮ್ಮದಿಯ ಕಾಲವಲ್ಲ. ವೆಸೂವಿಯಸ್‌ನ ಇನ್ನೊಂದು ಮಗ್ಗುಲಿಗಿರುವ ಸಾನ್ ವಿತಾಲಿಯಾನೊ ಎಂಬ ಸಣ್ಣ ಊರಿನಲ್ಲಿ ಗಾಳಿ ಕೆಟ್ಟು ಹೋಗಿ, 2015ರ ಡಿಸೆಂಬರಿನಲ್ಲಿ ಅಲ್ಲಿನ ಮೇಯರ್ ಹೊಗೆ ಸೋಸುವ ಸಲಕರಣೆ ಇಲ್ಲದ ಸೌದೆ ಭಟ್ಟಿಗಳನ್ನೆಲ್ಲ ತಾತ್ಕಾಲಿಕವಾಗಿ ನಿಷೇಧಿಸಿದರು. ಪಿಟ್ಸಾದವರು ಸಿಟ್ಟಾದರು. ನಮ್ಮಲ್ಲೂ 2025ರ ಜನವರಿಯಲ್ಲಿ ಮುಂಬೈ ಹೈಕೋರ್ಟು ಆ ನಗರದ ಸೌದೆ, ಕಲ್ಲಿದ್ದಲು ಬೇಕರಿಗಳು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಗಲಿ ಎಂದಿತು. ಪಾವ್ ಬೇಯಿಸುವ ಹಳೆಯ ಭಟ್ಟಿಗಳೇ ಅವು. ಹೊಗೆಯಲ್ಲಿ ನಿಂತು ದುಡಿಯುವವನ ಶ್ವಾಸಕೋಶದ ಲೆಕ್ಕ ಹಾಕಿದರೆ ಈ ಆದೇಶಗಳನ್ನು ಅಲ್ಲಗಳೆಯುವುದು ಕಷ್ಟ. ಅಪುಲೇಯಸ್ ಬರೆದ ಕೆಟ್ಟ ಕಣ್ಣುಗಳು ನೆನಪಾಗಬೇಕು. ಆದರೆ ಇಟ್ಟಿಗೆಯ ಕಣಜ ಒಡೆದು ತಗಡಿನ ಪೆಟ್ಟಿಗೆ ತಂದಿಟ್ಟವರಿಗೆ ಇಳಿಯುವ ಕಾವಿನ ಜೊತೆ ಸರದಿ ಹೂಡುವ ವಿದ್ಯೆ ಬೇಡವಾಗುತ್ತದೆ, ಗುಂಡಿ ತಿರುಗಿಸಿದರೆ ಸಾಕು. ನೇಪಲ್ಸಿನ ಪಿಟ್ಸಾ ಸಂಘದವರು ನಡುದಾರಿ ಹಿಡಿದಿದ್ದಾರೆ. ಅದೇ ಬಿಸ್ಕೊತ್ತೊ ಹೆಂಚು ಹಾಸಿ, ಅಷ್ಟೇ ಕಾವು ಏರಿಸುವ ವಿದ್ಯುತ್ ಭಟ್ಟಿಯೊಂದಕ್ಕೂ ಮನ್ನಣೆ ಕೊಟ್ಟಿದ್ದಾರೆ. ಹಳಬರು ಮೂಗು ಮುರಿಯುತ್ತಾರೆ. ಅದು ಅವರ ಹಕ್ಕು.

ಪಾಂಪೆಗೆ ಹೋಗುವವರು ಟಿಕೆಟ್ಟನ್ನು ಮೊದಲೇ ಕಾದಿರಿಸುವುದು ಒಳಿತು. 2024ರ ನವೆಂಬರಿನಿಂದ ದಿನಕ್ಕೆ 20,000 ಮಂದಿಗಷ್ಟೇ ಪ್ರವೇಶ ಎಂಬ ಮಿತಿ ಬಂದಿದೆ. ಬೇಸಿಗೆಯಲ್ಲಿ ನೆರಳು ಕಡಿಮೆ, ಕಲ್ಲುಹಾಸಿನ ಬೀದಿ ಕಾಲಿಗೆ ಒರಟು. ಗಟ್ಟಿ ಅಟ್ಟೆಯ ಚಪ್ಪಲಿ, ಟೋಪಿ, ನೀರು ಜೊತೆಗಿರಲಿ. ಊರ ಚೌಕದಿಂದ ಅಗಸ್ಟಸ್‌ನ ಪೂಜಾರಿಗಳ ಬೀದಿ ಹಿಡಿದು ಪೂರ್ವಕ್ಕೆ ನಡೆದರೆ ಬೇಕರಿಗಳು ಹತ್ತಿರ ಹತ್ತಿರ ಸಿಗುತ್ತವೆ. ಕರಿಗಟ್ಟಿದ ರೊಟ್ಟಿಗಳನ್ನು ನೋಡಲು ಮಾತ್ರ ನೇಪಲ್ಸಿನ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೇ ಹೋಗಬೇಕು, ಮಂಗಳವಾರ ರಜೆ. ಗಾಜಿನ ಪೆಟ್ಟಿಗೆಯಲ್ಲಿರುವ ರೊಟ್ಟಿಯ ಸೊಂಟದ ಸುತ್ತ ಆಳವಾದ ಗೆರೆಯೊಂದು ಕಾಣುತ್ತದೆ. ಬೇಯುವ ಮೊದಲು ಹುರಿ ಕಟ್ಟಿದ ಗುರುತು ಅದು. ಬಹುಶಃ ಮನೆಗೆ ಒಯ್ಯುವಾಗ ಹಿಡಿದು ತೂಗಾಡಿಸಿಕೊಂಡು ಹೋಗಲು ಅನುಕೂಲವಾಗಲೆಂದು.